ಇದೇ ಇ-ಮೇಲ್‌ಗೆ ಉತ್ತರಿಸಿ: ಸಾಲುಸಾಲಿನ ವ್ಯಾಖ್ಯಾನ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪುಗಳಲ್ಲಿ ಈಗ ಆರ್ಡರು, ಡ್ರಾಯಿಂಗು, ರೇಟು, ಡೆಲಿವರಿ ಎಲ್ಲವೂ ವಾಟ್ಸಾಪಿನಲ್ಲೇ ನಡೆಯುತ್ತವೆ. ಅದು ಬೇಗ ತಲುಪುತ್ತದೆ, ಎಲ್ಲರ ಕೈಯಲ್ಲೂ ಇದೆ, ಫೋಟೊ ಕಳಿಸುವುದು ಸುಲಭ. ಇದರಲ್ಲಿ ತಪ್ಪೇನಿಲ್ಲ. ಆದರೆ ಎರಡು ಕಂಪನಿಗಳ ನಡುವೆ ಕೊಟ್ಟ ಮಾತು ಆರು ತಿಂಗಳ ಮೇಲೂ ನಿಲ್ಲಬೇಕಾದ ಕಡೆ ಇ-ಮೇಲ್‌ಗೆ ಸಮನಾದದ್ದು ಇನ್ನೂ ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಇರುವುದು ನಾವು ಓದದೆ ಬಿಟ್ಟುಬಿಡುವ ಅದರ ತಲೆಸಾಲುಗಳಲ್ಲಿ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಎಂದರೆ ಅವೆಲ್ಲ ಕಾಣುತ್ತವೆ. ಕೆಳಗಿನ ಪತ್ರವನ್ನು ಮಾದರಿಗೆಂದು ನಾನೇ ಬರೆದಿದ್ದೇನೆ: ಬುಷ್ ಮಾಡಿಕೊಡುವ ಒಂದು ವರ್ಕ್‌ಶಾಪ್ ಹೊಸೂರಿನ ಒಂದು ಕಾರ್ಖಾನೆಗೆ ಬರೆದದ್ದೆಂದು ಇಟ್ಟುಕೊಳ್ಳಿ.

ಫ್ರಮ್: ಡಿಸ್ಪ್ಯಾಚ್ ವಿಭಾಗ <ಡಿಸ್ಪ್ಯಾಚ್@ವರ್ಕ್‌ಶಾಪ್>

ನಡುವಿನ ಚಿಹ್ನೆಯನ್ನು ಅಲ್ಲಿಟ್ಟವರು ರೇ ಟಾಮ್ಲಿನ್ಸನ್. 1971ರಲ್ಲಿ ಅಮೆರಿಕದ ಕೇಂಬ್ರಿಜ್‌ನ ಬಿಬಿಎನ್ ಕಂಪನಿಯಲ್ಲಿ, ಅಕ್ಕಪಕ್ಕದಲ್ಲೇ ಇದ್ದ ಎರಡು ಕಂಪ್ಯೂಟರುಗಳ ನಡುವೆ ಅವರು ಸಂದೇಶ ಕಳಿಸಿ ನೋಡಿದರು. ಯಾರ ಹೆಸರಿನಲ್ಲೂ ಬರದ ಗುರುತು ಬೇಕಿತ್ತು, ಕೀಬೋರ್ಡಿನಲ್ಲಿ ಇದು ಸಿಕ್ಕಿತು. ಫ್ರಮ್, ಡೇಟ್, ಸಬ್ಜೆಕ್ಟ್ ಎಂಬ ತಲೆಸಾಲುಗಳಿಗೆ ಒಂದು ಕ್ರಮ ಕೊಡಲು ಹೊರಟ ದಾಖಲೆ 1973ರ ಆರ್‌ಎಫ್‌ಸಿ 561. ಅದರ ನಾಲ್ವರು ಲೇಖಕರಲ್ಲಿ ಒಬ್ಬರು ಟಾಮ್ಲಿನ್ಸನ್, ಇನ್ನೊಬ್ಬರು ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್.

ಅವರೆಲ್ಲ ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರು. ಹಾಗಾಗಿ ಈ ಸಾಲಿನಲ್ಲಿ ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಬರೆಯಬಹುದು ಎಂಬುದು ಆಗ ದೊಡ್ಡ ತೊಂದರೆಯಾಗಿ ಕಾಣಲಿಲ್ಲ. ಇಂದು ಅದೇ ಸಂದಿನಿಂದ ಮೋಸ ನುಗ್ಗುತ್ತದೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಪೇಮೆಂಟ್ ಇದಕ್ಕೆ ಹಾಕಿ’ ಎಂದು ಸಪ್ಲೈಯರ್ ಹೆಸರಿನಲ್ಲಿ ಒಂದು ಮೇಲ್ ಬರುತ್ತದೆ, ಅಕೌಂಟ್ಸ್‌ನವರು ಹಣ ಹಾಕಿಬಿಡುತ್ತಾರೆ. ನಮ್ಮ ಸಾಕ್ಷ್ಯ ಕಾಯ್ದೆಯ 88ಎ ಕಲಮು ಈ ಎಚ್ಚರವನ್ನು ಮೊದಲೇ ಹೇಳಿತ್ತು. ಸರ್ವರ್ ಮೂಲಕ ಬಂದ ಸಂದೇಶವು ಕಳಿಸುವಾಗ ಇದ್ದಂತೆಯೇ ಇದೆ ಎಂದು ನ್ಯಾಯಾಲಯ ಭಾವಿಸಬಹುದು. ಆದರೆ ಅದನ್ನು ಕಳಿಸಿದವರು ಯಾರು ಎಂಬ ಬಗ್ಗೆ ಯಾವ ಊಹೆಯನ್ನೂ ಮಾಡುವಂತಿಲ್ಲ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಮುಂದುವರಿದಿದೆ.

ಸಂದು ಮುಚ್ಚಲು ಆಮೇಲೆ ಮೂರು ವ್ಯವಸ್ಥೆ ಬಂದವು. ನಮ್ಮ ಡೊಮೇನ್ ಹೆಸರಿನಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ಹೊರಡುವ ಪ್ರತಿ ಪತ್ರಕ್ಕೂ ಸರ್ವರ್ ಒತ್ತುವ ಡಿಜಿಟಲ್ ಸಹಿ ಡಿಕಿಮ್. ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕು ಎಂಬ ಸೂಚನೆ ಡಿಮಾರ್ಕ್. ದೊಡ್ಡ ಸಂಖ್ಯೆಯಲ್ಲಿ (ಗೂಗಲ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 5,000) ಮೇಲ್ ಕಳಿಸುವವರಿಗೆ ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದವು. ಹತ್ತು ಜನರ ವರ್ಕ್‌ಶಾಪಿಗೆ ಮೂರೂ ಇರಲೇಬೇಕೆಂಬ ಕಡ್ಡಾಯವಿಲ್ಲ, ಆದರೂ ಬೇಕು. ಡೊಮೇನ್ ಮಾಡಿಕೊಟ್ಟವರನ್ನು ಕರೆದು ಮೊದಲು ಮಾಡಿಸಬೇಕಾದ ಕೆಲಸ ಇದೇ. ಅದಾದ ಮೇಲೂ ಖಾತೆ ಸಂಖ್ಯೆ ಬದಲಾಯಿತೆಂಬ ಮೇಲ್ ಬಂದರೆ, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗಲ್ಲ.

ಟು: ಪರ್ಚೇಸ್@ಕಾರ್ಖಾನೆ

ವಿಳಾಸ ವ್ಯಕ್ತಿಯದ್ದಲ್ಲ, ವಿಭಾಗದ್ದು. ಪರ್ಚೇಸ್ ನೋಡುತ್ತಿದ್ದವರು ಕೆಲಸ ಬಿಟ್ಟರೂ ಪತ್ರಗಳು ಕಾರ್ಖಾನೆಯಲ್ಲೇ ಉಳಿಯುತ್ತವೆ. ಸ್ವಂತ ಮೊಬೈಲಿನ ವಾಟ್ಸಾಪಿನಲ್ಲಿ ನಡೆದ ಮಾತುಕತೆ ಅವರ ಜೊತೆಯೇ ಗೇಟು ದಾಟುತ್ತದೆ. ಈ ಸಾಲಿನಲ್ಲಿ ಒಂದೇ ವಿಳಾಸ ಇರುವುದೂ ಒಳ್ಳೆಯದು. ಆರು ಹೆಸರು ಹಾಕಿದರೆ ಉತ್ತರ ಕೊಡುವ ಹೊಣೆ ಯಾರ ತಲೆಗೂ ಬರುವುದಿಲ್ಲ.

ಸಿಸಿ: ಕ್ವಾಲಿಟಿ@ಕಾರ್ಖಾನೆ, ಅಕೌಂಟ್ಸ್@ವರ್ಕ್‌ಶಾಪ್

ಟೈಪ್‌ರೈಟರ್ ಕಾಲದ ಕಾರ್ಬನ್ ಪ್ರತಿಯೇ ಇದು. ಸರ್ಕಾರಿ ಪತ್ರದ ಕೊನೆಯಲ್ಲಿ ‘ಪ್ರತಿ: ಮಾಹಿತಿಗಾಗಿ’ ಎಂದು ಬರೆಯುತ್ತಾರಲ್ಲ, ಅದೇ ಕೆಲಸ. ಇಲ್ಲಿರುವವರು ಉತ್ತರಿಸಬೇಕಿಲ್ಲ, ತಿಳಿದಿದ್ದರೆ ಸಾಕು. ಕಾರ್ಬನ್ ಹಾಳೆ ಹಾಕಿ ಹೊಡೆದರೆ ಅಕ್ಷರ ಕಾಣುವಂತೆ ಮೂಡುತ್ತಿದ್ದದ್ದು ಕೆಲವೇ ಪ್ರತಿ, ಆ ಮಿತಿಯೇ ಒಂದು ಅಂಕೆಯಾಗಿತ್ತು. ಈಗ ಮಿತಿ ಇಲ್ಲ. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಒಂದು ಪರೀಕ್ಷಾ ಸಂದೇಶ ತಪ್ಪಾಗಿ 8 ಲಕ್ಷಕ್ಕೂ ಹೆಚ್ಚು ಸಿಬ್ಬಂದಿಗೆ ಹೋಯಿತು. ‘ನನಗೆ ಇದು ಯಾಕೆ ಬಂತು’ ಎಂದು ಜನ ‘ರಿಪ್ಲೈ ಆಲ್’ ಒತ್ತತೊಡಗಿದಾಗ ಇಡೀ ಮೇಲ್ ವ್ಯವಸ್ಥೆಯೇ ನಿಧಾನವಾಯಿತು. ನಮ್ಮ ಪತ್ರದಲ್ಲಿ ಕ್ವಾಲಿಟಿಯವರು ಇರಲೇಬೇಕು, ಏಕೆಂದರೆ ಮಾಲು ತಲುಪಿದ ಮೇಲೆ ಅಳತೆ ನೋಡಿ ಒಪ್ಪುವವರು ಅಥವಾ ವಾಪಸ್ ಕಳಿಸುವವರು ಅವರೇ.

ಬಿಸಿಸಿ:

ಖಾಲಿ. ತಲುಪುವ ಪತ್ರದಲ್ಲಿ ಈ ಸಾಲು ಇರುವುದೇ ಇಲ್ಲ. ಹತ್ತಾರು ಗ್ರಾಹಕರಿಗೆ ಒಂದೇ ಸೂಚನೆ ಕಳಿಸುವಾಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಿರಲಿ ಎಂದು ಬಳಸಿದರೆ ಸರಿ. ಇಬ್ಬರ ಮಾತಿನ ನಡುವೆ ಮೂರನೆಯವರನ್ನು ಬಚ್ಚಿಟ್ಟು ಕೂರಿಸಲು ಬಳಸಬಾರದು.

ಸಬ್ಜೆಕ್ಟ್: ಪಿ.ಒ. 118, ಬುಷ್ 400: ಒಳವ್ಯಾಸಕ್ಕೆ ಒಪ್ಪಿಗೆ ಬೇಕು, ಮಂಗಳವಾರ ಸಂಜೆ 4ರೊಳಗೆ

ಇದನ್ನು ಹಾಕಿದವರನ್ನು ಮೆಚ್ಚಬೇಕು. ಯಾವ ಆರ್ಡರು (ಪಿ.ಒ. ಎಂದರೆ ಪರ್ಚೇಸ್ ಆರ್ಡರ್), ಎಷ್ಟು ಮಾಲು, ಏನಾಗಬೇಕು, ಯಾವಾಗ: ಪತ್ರ ತೆರೆಯುವ ಮೊದಲೇ ಎಲ್ಲ ತಿಳಿಯಿತು. ಪರ್ಚೇಸ್‌ನವರ ಮುಂದೆ ಬೆಳಿಗ್ಗೆ ನೂರಾರು ಮೇಲ್ ಸಾಲಾಗಿ ನಿಂತಿರುತ್ತವೆ. ‘ಅರ್ಜೆಂಟ್’, ‘ರೆಗಾರ್ಡಿಂಗ್ ಆರ್ಡರ್’ ಎಂದಷ್ಟೇ ಇದ್ದರೆ ಯಾವುದನ್ನು ಮೊದಲು ತೆರೆಯುವುದು? ಮುಂದೆ ತಂಟೆ ಬಂದು ಹುಡುಕುವಾಗಲೂ ‘118’ ಎಂದು ಹೊಡೆದರೆ ಈ ಪತ್ರ ಸಿಗಬೇಕು.

ಡೇಟ್: ಸೋಮ, 16 ಜೂನ್ 2025, 18:42:07 +0530
ರಿಸೀವ್ಡ್: … 16 ಜೂನ್ 2025, 18:42:11 +0530

ಎರಡನ್ನೂ ಒಟ್ಟಿಗೆ ಓದಬೇಕು. ಮೊದಲನೆಯದು ಸಾಮಾನ್ಯವಾಗಿ ಕಳಿಸುವವರ ಕಡೆಯ ಗಡಿಯಾರದ ಮಾತು. ಆ ಗಡಿಯಾರ ತಪ್ಪಿದ್ದರೆ ಅದೂ ತಪ್ಪು. ಎರಡನೆಯದನ್ನು ಬರೆಯುವುದು ದಾರಿಯ ಸರ್ವರುಗಳು. ಪತ್ರ ಕೈ ಸೇರಿದಾಗಲೆಲ್ಲ ಪ್ರತಿ ಸರ್ವರೂ ತನ್ನ ಹೆಸರು, ಯಾರಿಂದ ಬಂತು, ಎಷ್ಟು ಹೊತ್ತಿಗೆ ಬಂತು ಎಂಬುದನ್ನು ತಲೆಯ ಮೇಲೆ ಬರೆಯುತ್ತದೆ. ಹೊಸದು ಮೇಲೆ ಕೂರುವುದರಿಂದ ದಾರಿ ತಿಳಿಯಲು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗಬೇಕು. ಹಳೆಯ ಅಂಚೆ ಲಕೋಟೆಯ ಮೇಲೆ ಊರೂರಿನ ಮುದ್ರೆ ಬೀಳುತ್ತಿದ್ದ ಹಾಗೆ. ‘+0530’ ಎಂದರೆ ಜಾಗತಿಕ ಪ್ರಮಾಣಕಾಲಕ್ಕಿಂತ ಐದೂವರೆ ಗಂಟೆ ಮುಂದೆ.

ವ್ಯವಹಾರಕ್ಕೆ ಇದು ಯಾಕೆ ಮುಖ್ಯ ಎಂಬುದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮು ನೋಡಿ. ಬೇರೆ ಕರಾರು ಇಲ್ಲದಿದ್ದರೆ, ಕಳಿಸಿದವರ ಹಿಡಿತದಾಚೆಗಿನ ಕಂಪ್ಯೂಟರ್ ವ್ಯವಸ್ಥೆಯನ್ನು ಪತ್ರ ಹೊಕ್ಕಾಗ ಅದು ರವಾನೆಯಾದಂತೆ. ಪಡೆಯುವವರು ಇಂಥದ್ದೇ ವ್ಯವಸ್ಥೆಗೆ ಕಳಿಸಿ ಎಂದು ಗೊತ್ತುಮಾಡಿದ್ದರೆ, ಅದನ್ನು ಹೊಕ್ಕಾಗಲೇ ತಲುಪಿದಂತೆ. ತೆರೆದು ಓದಿದಾಗ ಎಂದು ಕಾಯ್ದೆ ಹೇಳುವುದಿಲ್ಲ. ಪಿ.ಒ.ದಲ್ಲಿ ‘ಪತ್ರವ್ಯವಹಾರ ಈ ವಿಳಾಸಕ್ಕೆ’ ಎಂದು ಅಚ್ಚಾಗಿದ್ದ ಮೇಲೆ ‘ನಾನು ಮೇಲ್ ನೋಡಿರಲಿಲ್ಲ ಸರ್’ ಎಂಬ ಸಮಜಾಯಿಷಿಗೆ ಹೆಚ್ಚು ಬಲ ಉಳಿಯುವುದಿಲ್ಲ.

ಇನ್-ರಿಪ್ಲೈ-ಟು: <ಕಾರ್ಖಾನೆಯ 2 ಜೂನ್ ಪತ್ರದ ಮೆಸೇಜ್-ಐಡಿ>

ಹುಟ್ಟುವ ಪ್ರತಿ ಇ-ಮೇಲ್‌ಗೂ ಮೆಸೇಜ್-ಐಡಿ ಎಂಬ ಗುರುತು ಸಿಗುತ್ತದೆ. ಜಗತ್ತಿನಲ್ಲಿ ಬೇರೊಂದು ಪತ್ರಕ್ಕೆ ಅದೇ ಗುರುತು ಇರಬಾರದು ಎಂಬುದು ನಿಯಮ. ಉತ್ತರ ಬರೆದಾಗ ಮೂಲ ಪತ್ರದ ಗುರುತು ಈ ಸಾಲಿಗೆ ಬಂದು ಕೂರುತ್ತದೆ. ಸರ್ಕಾರಿ ಕಾಗದದ ‘ಉಲ್ಲೇಖ’ವನ್ನು ಇಲ್ಲಿ ಯಂತ್ರವೇ ಬರೆಯುತ್ತದೆ. ಹೀಗಾಗಿ ಆರ್ಡರು ಬಂದ ದಿನದಿಂದ ಬಿಲ್ಲು ಪಾಸಾದ ದಿನದವರೆಗಿನ ಪತ್ರಗಳು ಒಂದೇ ಎಳೆಯಲ್ಲಿ ಪೋಣಿಸಿಕೊಳ್ಳುತ್ತವೆ, ಎರಡೂ ಕಂಪನಿಗಳಲ್ಲಿ, ಅವರವರ ಸ್ವಂತ ಪ್ರತಿಯಾಗಿ. ನಮ್ಮದು ಜೊಹೊ, ಅವರದು ಔಟ್‌ಲುಕ್ ಆದರೂ ಎಳೆ ಕಡಿಯುವುದಿಲ್ಲ.

ಹೊಸ ಉಪಕರಣಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಇದೇ. ಸ್ಲ್ಯಾಕ್, ಟೀಮ್ಸ್ ಒಂದು ಕಂಪನಿಯ ಒಳಗಿನ ಮಾತಿಗೆ ಬಹಳ ಚೆನ್ನ, ಒಳಗಿನ ಮೇಲ್ ಸಂತೆಯನ್ನು ಅವು ನಿಜಕ್ಕೂ ಕಡಿಮೆ ಮಾಡಿವೆ. ಆದರೆ ಅಲ್ಲಿನ ದಾಖಲೆ ಆ ಸೇವೆಯ ಕೈಯಲ್ಲಿರುತ್ತದೆ. ದುಡ್ಡು ಕೊಡದ ಸ್ಲ್ಯಾಕ್ ಯೋಜನೆಯಲ್ಲಿ 2022ರಿಂದ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನದವರೆಗೂ ಎಲ್ಲರ ಫೋನಿನಿಂದ ಅಳಿಸಬಹುದು. ಗೆಳೆಯರ ಮಾತಿಗೆ ಅದು ಅನುಕೂಲ. ಬುಷ್ಷಿನ ಅಳತೆಗೆ ಅಲ್ಲ.

ಕಂಟೆಂಟ್-ಟೈಪ್: ಟೆಕ್ಸ್ಟ್/ಪ್ಲೇನ್; ಚಾರ್‌ಸೆಟ್=ಯುಟಿಎಫ್-8

ಈ ಪತ್ರ ಕನ್ನಡದಲ್ಲಿ ಹೋಗಲು ಸಾಧ್ಯವಾಗಿರುವುದೇ ಈ ಸಾಲಿನಿಂದ. ಮೊದಲಿಗೆ ಇ-ಮೇಲ್ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳನ್ನು ಮಾತ್ರ ಹೊರುತ್ತಿತ್ತು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಎಂಬ ನಿಯಮಾವಳಿ ಬೇರೆ ಲಿಪಿ, ಚಿತ್ರ, ಧ್ವನಿ ಎಲ್ಲಕ್ಕೂ ಬಾಗಿಲು ತೆರೆಯಿತು. ಅದೇ ವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸಿದರು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿ ಕಳಿಸಿದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತಿದ್ದ ಕಾಲವನ್ನು ಕಂಡವರಿಗೆ ಈ ಸಾಲಿನ ಬೆಲೆ ಗೊತ್ತು.

‘ಒಪ್ಪಿಗೆ’ ಎಂಬ ಪದವನ್ನೇ ಹತ್ತಿರದಿಂದ ನೋಡೋಣ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಒ, ಪ, ವಿರಾಮ, ಪ, ಇ-ಕಾರ, ಗ, ಎ-ಕಾರ ಎಂದು ಏಳು ಸಂಕೇತ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟಿನಂತೆ 21 ಬೈಟ್. ಹಳೆಯ ಸರ್ವರುಗಳೂ ಕೆಡಿಸದಂತೆ ಬೇಸ್64 ಪದ್ಧತಿಯಲ್ಲಿ ಕಟ್ಟಿದರೆ, ಮೂರು ಬೈಟಿಗೆ ನಾಲ್ಕು ಗುರುತಿನಂತೆ 28 ಗುರುತು. ಹೊಸೂರಿನಲ್ಲಿ ಬಿಚ್ಚಿದಾಗ ಮತ್ತೆ ‘ಒಪ್ಪಿಗೆ’ಯೇ. ವರ್ಕ್‌ಶಾಪಿನಲ್ಲಿ ಕನ್ನಡ, ತಮಿಳು ಮಾತಾಡಿ ಮೇಲ್ ಬರೆಯುವಾಗ ಮಾತ್ರ ಬಾರದ ಇಂಗ್ಲಿಷಿನಲ್ಲಿ ತಿಣುಕಿ, ಹೇಳಬೇಕಾದ್ದೇ ತಪ್ಪಿಹೋಗುವುದಕ್ಕಿಂತ, ಎರಡೂ ಕಡೆಯವರಿಗೆ ತಿಳಿಯುವ ಭಾಷೆಯಲ್ಲಿ ಬರೆಯುವುದು ಮೇಲು. ಯಂತ್ರದ ಕಡೆಯಿಂದ ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಲಗತ್ತು: ಡ್ರಾಯಿಂಗ್-118-ರಿವಿಷನ್3.ಪಿಡಿಎಫ್

ಹೆಸರಿನಲ್ಲೇ ಪರಿಷ್ಕರಣೆಯ ಸಂಖ್ಯೆ ಇದೆ. ‘ಫೈನಲ್’, ‘ನ್ಯೂ ಫೈನಲ್’ ಎಂಬ ಹೆಸರುಗಳಿಂದ ಹಳೆಯ ಡ್ರಾಯಿಂಗ್ ಲೇತಿನ ಮುಂದೆ ಹೋಗಿ ಮಾಲು ರಿಜೆಕ್ಟ್ ಆಗುತ್ತದೆ. ಕಡತಗಳೂ ಬೇಸ್64ರಲ್ಲೇ ಪ್ರಯಾಣಿಸುವುದರಿಂದ 15 ಎಂಬಿಯದ್ದು ದಾರಿಯಲ್ಲಿ 20 ಎಂಬಿ ಆಗುತ್ತದೆ. ಮಿತಿಯೊಳಗೇ ಇದ್ದ ಕಡತ ಕೆಲವೊಮ್ಮೆ ವಾಪಸ್ ಬರುವುದು ಇದರಿಂದಲೇ.

‘ಸರ್, ನಮಸ್ಕಾರ. ರಿವಿಷನ್ 3ರ ಡ್ರಾಯಿಂಗ್‌ನಲ್ಲಿ ಒಳವ್ಯಾಸ 25 ಮಿ.ಮೀ. ಎಚ್7 ಇದೆ. ಇಂದು ಫೋನಿನಲ್ಲಿ 25.2 ಎಂದಿರಿ. ಯಾವುದಕ್ಕೆ ಮಾಡಬೇಕು, ದಯವಿಟ್ಟು ಇದೇ ಇ-ಮೇಲ್‌ಗೆ ಉತ್ತರಿಸಿ.’

25 ಮಿ.ಮೀ. ಗಾತ್ರಕ್ಕೆ ಎಚ್7 ಎಂದರೆ ತೂತು 25.000ರಿಂದ 25.021ರ ಒಳಗೆ ಇರಬೇಕು. ಬಿಟ್ಟಿರುವ ಸಡಿಲ ಒಟ್ಟು 0.021 ಮಿ.ಮೀ. ಫೋನಿನಲ್ಲಿ ಬಂದ 0.2 ಅದರ ಸುಮಾರು ಹತ್ತು ಪಟ್ಟು. ಲೇತಿನ ಸದ್ದಿನ ನಡುವೆ ಕೇಳಿದ ಒಂದು ಅಂಕಿಯ ಮೇಲೆ 400 ಬುಷ್ ಕೊರೆಯುವುದು ಯಾರಿಗೂ ಒಳ್ಳೆಯದಲ್ಲ. ಬರೆದವರು ಫೋನ್ ಮಾತನ್ನು ಅಲ್ಲಗಳೆದಿಲ್ಲ, ‘ನೀವು ಹೀಗೆ ಹೇಳಿದಿರಿ’ ಎಂದು ದೂರಿಯೂ ಇಲ್ಲ. ಎರಡು ಅಳತೆಯನ್ನು ಅಕ್ಕಪಕ್ಕ ಇಟ್ಟು ಕೇಳಿದ್ದಾರೆ. ‘ಇದೇ ಇ-ಮೇಲ್‌ಗೆ’ ಎಂಬ ಕೋರಿಕೆಯೂ ಮುಖ್ಯ. ಉತ್ತರ ಹೊಸ ಪತ್ರವಾಗಿಯೋ ವಾಟ್ಸಾಪಿನಲ್ಲೋ ಬಂದರೆ ಮೇಲೆ ಹೇಳಿದ ಎಳೆಯಿಂದ ಹೊರಗುಳಿಯುತ್ತದೆ, ಕ್ವಾಲಿಟಿಯವರಿಗೂ ಕಾಣುವುದಿಲ್ಲ. ಇಲ್ಲಿ ‘ರಿಪ್ಲೈ ಆಲ್’ ಒತ್ತುವುದೇ ಸರಿ.

‘ಮಂಗಳವಾರ ಸಂಜೆ 4ರೊಳಗೆ ತಿಳಿಸದಿದ್ದರೆ ಸೆಕೆಂಡ್ ಶಿಫ್ಟಿನಲ್ಲಿ ಡ್ರಾಯಿಂಗ್ ಪ್ರಕಾರ 25ಕ್ಕೇ ಕೆಲಸ ಶುರು ಮಾಡುತ್ತೇವೆ. ಶುಕ್ರವಾರ ರವಾನೆ.’

ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಎಣಿಸಿ ಹೊಸ ಕರಾರು ಹುಟ್ಟಿಸಲಾಗದು. ಈ ಸಾಲು ಅದನ್ನು ಮಾಡಿಲ್ಲ. ಉತ್ತರ ಬಾರದಿದ್ದರೆ ಈಗಾಗಲೇ ಇಬ್ಬರೂ ಒಪ್ಪಿರುವ ಡ್ರಾಯಿಂಗ್ ಹಾಗೇ ನಿಲ್ಲುತ್ತದೆ ಎಂದಷ್ಟೇ ಹೇಳಿದೆ, ಹೊತ್ತನ್ನೂ ಗೊತ್ತುಮಾಡಿದೆ. ಕೆಲಸ ಬಲ್ಲವರು ಬರೆದ ಸಾಲು ಇದು: 25ಕ್ಕೆ ಕೊರೆದ ಬುಷ್ಷನ್ನು ಮತ್ತೆ ಲೇತಿಗೆ ಕಟ್ಟಿ 25.2ಕ್ಕೆ ಹಿಗ್ಗಿಸಬಹುದು, 25.2ಕ್ಕೆ ಕೊರೆದದ್ದು 25ಕ್ಕೆ ಬರುವುದಿಲ್ಲ, ಗುಜರಿಗೆ ಹೋಗುತ್ತದೆ.