ಮೂರು ವೃತ್ತಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆಯೆ?

ಭೂಕಂಪದ ಪಾಠವಿರುವ ಯಾವುದಾದರೂ ಪಠ್ಯಪುಸ್ತಕವನ್ನು ತೆರೆದು ನೋಡಿ. ಒಂದು ನಕ್ಷೆ, ಅದರಲ್ಲಿ ಮೂರು ಊರುಗಳು, ಒಂದೊಂದು ಊರನ್ನೂ ಕೇಂದ್ರವಾಗಿಟ್ಟುಕೊಂಡು ಎಳೆದ ಒಂದೊಂದು ವೃತ್ತ. ಮೂರೂ ವೃತ್ತಗಳು ಸೂಜಿಮೊನೆಯಷ್ಟು ಸಣ್ಣದಾದ ಒಂದೇ ಬಿಂದುವಿನಲ್ಲಿ ಛೇದಿಸುತ್ತವೆ. ಆ ಬಿಂದುವೇ ಭೂಕಂಪದ ಅಧಿಕೇಂದ್ರ ಎಂದು ಕೆಳಗೆ ಬರೆದಿರುತ್ತದೆ. ಚಿತ್ರ ಅಂದವಾಗಿದೆ, ನೆನಪಿನಲ್ಲಿ ಉಳಿಯುತ್ತದೆ, ಪರೀಕ್ಷೆಯಲ್ಲಿ ಐದು ಅಂಕವನ್ನೂ ತರುತ್ತದೆ. ಆದರೆ ನಿಜವಾದ ಭೂಕಂಪದ ನಿಜವಾದ ಅಳತೆಗಳನ್ನು ತೆಗೆದುಕೊಂಡು ಕುಳಿತರೆ ಆ ಚಿತ್ರ ಬರುವುದೇ ಇಲ್ಲ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಪ್ರಯೋಗವನ್ನು ಮಾಡಿಸಿದ್ದೇನೆ. ಆ ಚಿತ್ರದ ಹಾವಳಿಗೆ ನಾನೂ ಪಾಲುದಾರ. ಆದ್ದರಿಂದ ಈ ಟೀಕೆಯಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೇನೆ.

ಮೊದಲು ತತ್ವವನ್ನು ನೋಡೋಣ. ನೆಲದೊಳಗೆ ಬಂಡೆ ಬಿರಿಯಲು ತೊಡಗಿದ ಜಾಗ ಭೂಕಂಪದ ನಾಭಿ. ಅದರ ನೇರ ಮೇಲೆ ಭೂಮಿಯ ಮೇಲ್ಮೈಯಲ್ಲಿರುವ ಬಿಂದು ಅಧಿಕೇಂದ್ರ. ನಾಭಿಯಿಂದ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಬಂಡೆಯನ್ನು ಒತ್ತುತ್ತ, ಹಿಗ್ಗಿಸುತ್ತ ಸಾಗುವ ಪಿ ಅಲೆ ವೇಗವಾಗಿ ಬರುತ್ತದೆ. ಅಡ್ಡಡ್ಡಲಾಗಿ ಅಲುಗಿಸುವ ಎಸ್ ಅಲೆ ನಿಧಾನ. ಒಂದೇ ಊರಿನಿಂದ ಒಂದೇ ಹೊತ್ತಿಗೆ ಹೊರಟ ಬಸ್ಸು ಮತ್ತು ಸೈಕಲ್ಲು ನಿಮ್ಮ ಮನೆಯ ಮುಂದೆ ಎಷ್ಟು ಅಂತರದಲ್ಲಿ ಹಾದುಹೋದವು ಎಂದು ತಿಳಿದರೆ ಆ ಊರಿನ ದೂರವನ್ನು ಲೆಕ್ಕ ಹಾಕಬಹುದಷ್ಟೆ. ಭೂಚಿಪ್ಪಿನಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆಯದು 3.5 ಕಿ.ಮೀ. ಎಂದಿಟ್ಟುಕೊಂಡರೆ, ಎರಡರ ಆಗಮನದ ನಡುವಿನ ಪ್ರತಿ ಸೆಕೆಂಡಿಗೂ 8.4 ಕಿ.ಮೀ. ದೂರ (6 × 3.5 ÷ 2.5). ಇಲ್ಲಿಯವರೆಗೆ ತಕರಾರಿಲ್ಲ. ಆ ದೂರವನ್ನು ಕೈವಾರದಲ್ಲಿ ತೆಗೆದುಕೊಂಡು ನಕ್ಷೆಯ ಮೇಲೆ ಇಡುವಾಗ ತಕರಾರು ಶುರುವಾಗುತ್ತದೆ.

ಹಲವು ವರ್ಷಗಳ ಹಿಂದಿನ ಮಾತು. ಬಿ.ಎಸ್‌ಸಿ. ತರಗತಿಯ ಒಬ್ಬ ಹುಡುಗಿ ಹತ್ತಿರದ ಮೂರು ಕೇಂದ್ರಗಳ ಕಂಪನಲೇಖಗಳನ್ನು ಓದಿ ವೃತ್ತಗಳನ್ನು ಎಳೆದಳು. ಅವು ಒಂದು ಬಿಂದುವಿನಲ್ಲಿ ಕೂಡಲಿಲ್ಲ. ಒಂದರ ಮೇಲೊಂದು ಹಾಯ್ದು, ನಡುವೆ ಬಾಗಿದ ಬದಿಗಳ ತ್ರಿಕೋನವೊಂದು ಉಳಿಯಿತು. ನಾನು ಕೆಂಪು ಶಾಯಿಯಲ್ಲಿ ಗೆರೆ ಹಾಕಿ ಎರಡು ಅಂಕ ಕಳೆದೆ. "ಸರ್, ಮೂರು ಸಲ ಅಳೆದು ನೋಡಿದೆ. ಅಳತೆ ಸರಿಯಾಗೇ ಇದೆ. ವೃತ್ತ ಕೂಡದಿದ್ದರೆ ನಾನೇನು ಮಾಡಲಿ?" ಎಂದಳು. ಪಕ್ಕದ ಮೇಜಿನ ಹುಡುಗ ಏನು ಮಾಡಬೇಕೆಂದು ಕಂಡುಕೊಂಡಿದ್ದ: ಕೈವಾರವನ್ನು ಕೊಂಚ ಕಿರಿದು ಮಾಡಿ ಮೂರನ್ನೂ ಒಂದೇ ಚುಕ್ಕೆಗೆ ತಂದು ನಿಲ್ಲಿಸಿದ್ದ. ಅವನಿಗೆ ಪೂರ್ಣ ಅಂಕ ಕೊಟ್ಟೆ. ಆ ತ್ರಿಕೋನದಲ್ಲಿ ಏನಿತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಕಂಪನಲೇಖದಿಂದ ಸಿಗುವ ದೂರ ನಾಭಿಗೆ ಇರುವ ಓರೆ ದೂರ. ನಕ್ಷೆಯ ಮೇಲಿನ ದೂರ ಅಧಿಕೇಂದ್ರಕ್ಕೆ ಇರುವುದು. ಇವೆರಡರ ನಡುವೆ ಪೈಥಾಗೊರಸ್ ನಿಂತಿದ್ದಾನೆ. ಅಧಿಕೇಂದ್ರ 20 ಕಿ.ಮೀ. ದೂರದಲ್ಲಿದ್ದು, ನಾಭಿ 15 ಕಿ.ಮೀ. ಆಳದಲ್ಲಿದ್ದರೆ ಅಲೆಗಳು ಸಾಗುವ ದಾರಿ 25 ಕಿ.ಮೀ. ಹಾಗಾಗಿ ನೀವು ಎಳೆಯುವ ವೃತ್ತ ಇರಬೇಕಾದುದಕ್ಕಿಂತ 5 ಕಿ.ಮೀ. ದೊಡ್ಡದು. ಮೂರು ವೃತ್ತಗಳೂ ಹೀಗೆ ಹಿಗ್ಗಿರುವುದರಿಂದ ಅವು ಒಂದರ ಮೇಲೊಂದು ಹಾಯಲೇಬೇಕು. ಒಂದೇ ಬಿಂದುವಿನಲ್ಲಿ ಕೂಡಿದರೆ ಭೂಕಂಪ ನೆಲದ ಮೇಲ್ಮೈಯಲ್ಲೇ ಹುಟ್ಟಿತು ಎಂದರ್ಥ!

ಸೊಗಸು ಇರುವುದು ಇನ್ನು ಮುಂದೆ. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಕಿ.ಮೀ. ಲೆಕ್ಕದಲ್ಲಿ ಅ (28, 30), ಆ (8, 14), ಇ (20, 66) ಎಂಬ ಮೂರು ಕೇಂದ್ರಗಳನ್ನು ಗುರುತಿಸಿ. ಪಿ ಮತ್ತು ಎಸ್ ಅಲೆಗಳ ಅಂತರ ಕ್ರಮವಾಗಿ ಸುಮಾರು 2, 3 ಮತ್ತು 4.6 ಸೆಕೆಂಡು, ಅಂದರೆ ತ್ರಿಜ್ಯಗಳು 17, 25 ಮತ್ತು 39 ಕಿ.ಮೀ. ವೃತ್ತಗಳನ್ನು ಎಳೆಯಿರಿ. ಎರಡೆರಡು ವೃತ್ತಗಳು ಛೇದಿಸುವ ಎರಡು ಬಿಂದುಗಳನ್ನು ಸ್ಕೇಲಿಟ್ಟು ಸೇರಿಸಿ. ಹೀಗೆ ಸಿಗುವ ಮೂರು ಜ್ಯಾಗಳು (20, 30) ಎಂಬಲ್ಲಿ ಸಂಧಿಸುತ್ತವೆ. ಅದು ಅಧಿಕೇಂದ್ರ. ಈಗ ಆ ಬಿಂದುವಿನಿಂದ ಯಾವುದಾದರೂ ಕೇಂದ್ರಕ್ಕೆ ಒಂದು ಗೆರೆ ಎಳೆದು, ಅದಕ್ಕೆ ಲಂಬವಾಗಿ ಅದೇ ಬಿಂದುವಿನ ಮೂಲಕ ಆ ಕೇಂದ್ರದ ವೃತ್ತದೊಳಗೆ ಇನ್ನೊಂದು ಜ್ಯಾ ಎಳೆಯಿರಿ. ಅದರ ಅರ್ಧದ ಉದ್ದ 15 ಕಿ.ಮೀ. ಬರುತ್ತದೆ. ಮೂರರಲ್ಲಿ ಯಾವ ಕೇಂದ್ರದಿಂದ ಮಾಡಿದರೂ ಅಷ್ಟೇ. ಅದೇ ನಾಭಿಯ ಆಳ. ಆ ಹುಡುಗಿಯ ಹಾಳೆಯಲ್ಲಿ ನಾನು ಕೆಂಪು ಗೆರೆ ಹಾಕಿದ್ದು ಭೂಕಂಪದ ಆಳದ ಮೇಲೆ.

ಪಠ್ಯಗಳ ಇನ್ನೊಂದು ವಾಕ್ಯವನ್ನೂ ಪ್ರಶ್ನಿಸಬೇಕು: "ಮೂರು ಕೇಂದ್ರಗಳು ಸಾಕು." ಉತ್ತರ ಬರಲು ಸಾಕು, ಒಪ್ಪೋಣ. ಆದರೆ ಆ ಉತ್ತರ ಸರಿಯೆ? ಕೇಂದ್ರಗಳು ಒಂದೇ ಸರಳರೇಖೆಯಲ್ಲಿ ಇಲ್ಲದಿದ್ದರೆ, ಪರಸ್ಪರ ಛೇದಿಸುವ ಯಾವುದೇ ಮೂರು ವೃತ್ತಗಳ ಸಾಮಾನ್ಯ ಜ್ಯಾಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ ಎಂಬುದು ಜ್ಯಾಮಿತಿಯ ಪ್ರಮೇಯ. ನಿಮ್ಮ ಅಳತೆ ತಪ್ಪಿದ್ದರೂ, ಗಡಿಯಾರ ಕೆಟ್ಟಿದ್ದರೂ ಅವು ಸಂಧಿಸುತ್ತವೆ, ಬೇರೆಲ್ಲೋ. ತಿಳಿಯಬೇಕಾದುದು ಅಕ್ಷಾಂಶ, ರೇಖಾಂಶ, ಆಳ ಎಂಬ ಮೂರು ಸಂಗತಿ. ಕೈಯಲ್ಲಿರುವುದು ಮೂರು ಕಾಲಾಂತರ. ಪರಿಶೀಲನೆಗೆ ಏನೂ ಉಳಿಯುವುದಿಲ್ಲ. ನಾಲ್ಕನೆಯ ಕೇಂದ್ರ ಬಂದಾಗಲೇ ಮೊದಲ ಮೂರನ್ನು ಅನುಮಾನಿಸಲು ಸಾಧ್ಯ.

ಕೇಂದ್ರಗಳು ದೂರವಿದ್ದರೆ ಆಳವೂ ಕೈಗೆ ಸಿಗುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡ ಭೂಕಂಪವನ್ನು ನೆನೆಯಿರಿ. ಹೈದರಾಬಾದಿನಿಂದ ಕಿಲ್ಲಾರಿಗೆ ಸುಮಾರು 220 ಕಿ.ಮೀ. ಮೇಲಿನ ಲೆಕ್ಕದಂತೆ ಪಿ ಮತ್ತು ಎಸ್ ಅಲೆಗಳ ನಡುವೆ ಅಲ್ಲಿ 26 ಸೆಕೆಂಡು. ನಾಭಿ ಮೇಲ್ಮೈಯಲ್ಲೇ ಇದ್ದರೂ, 10 ಕಿ.ಮೀ. ಆಳದಲ್ಲಿದ್ದರೂ ಆ ದೂರದಿಂದ ಓರೆ ದಾರಿಯಲ್ಲಿ ಆಗುವ ವ್ಯತ್ಯಾಸ ಕಾಲು ಕಿಲೋಮೀಟರಿಗೂ ಕಡಿಮೆ. ಎಸ್ ಅಲೆಯ ಆರಂಭವನ್ನು ಗುರುತಿಸುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೆ 0.84 ಕಿ.ಮೀ. ಹೋಯಿತು. ಪಿ ಅಲೆಯ ಗದ್ದಲ ಇನ್ನೂ ಅಡಗದಿರುವಾಗ ಎಸ್ ಎಲ್ಲಿ ಮೊದಲಾಯಿತು ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಕಂಪನಲೇಖ ಓದಿದವರಿಗೇ ಗೊತ್ತು. ಕಿಲ್ಲಾರಿಯಲ್ಲಿ ಭೂಕಂಪದ ನಂತರ ತಾತ್ಕಾಲಿಕ ಕೇಂದ್ರಗಳನ್ನು ಸುತ್ತಲೂ ಸ್ಥಾಪಿಸಿ ಮರುಕಂಪನಗಳನ್ನು ದಾಖಲಿಸಿದ್ದು ಇದಕ್ಕಾಗಿಯೇ. ಆಳ ತಿಳಿಯಬೇಕಾದರೆ ಆ ಆಳದಷ್ಟೇ ಹತ್ತಿರದಲ್ಲಿ ಒಂದು ಉಪಕರಣ ಇರಬೇಕು.

8.4 ಎಂಬ ಸಂಖ್ಯೆಯೂ ಸ್ಥಿರವಲ್ಲ. ದೂರದ ಅಲೆಗಳು ಭೂಚಿಪ್ಪನ್ನು ದಾಟಿ ಕೆಳಗಿನ ಮ್ಯಾಂಟಲ್‌ನಲ್ಲಿ ಸಾಗಿ ಬರುತ್ತವೆ. ಅಲ್ಲಿನ ವೇಗಗಳು ಸುಮಾರು 8 ಮತ್ತು 4.5 ಕಿ.ಮೀ.; ಗುಣಕ 10ನ್ನು ಮೀರುತ್ತದೆ. 100 ಸೆಕೆಂಡಿನ ಅಂತರಕ್ಕೆ ಒಂದು ಲೆಕ್ಕದಲ್ಲಿ 840 ಕಿ.ಮೀ., ಇನ್ನೊಂದರಲ್ಲಿ ಸಾವಿರಕ್ಕೂ ಹೆಚ್ಚು.

ಹಾಗಾದರೆ ವೃತ್ತಿಯಲ್ಲಿರುವವರು ಏನು ಮಾಡುತ್ತಾರೆ? 1910ರಲ್ಲಿ ಜರ್ಮನಿಯ ಲುಡ್ವಿಗ್ ಗೈಗರ್ (ವಿಕಿರಣ ಎಣಿಸುವ ಉಪಕರಣದ ಹಾನ್ಸ್ ಗೈಗರ್ ಬೇರೆ) ತೋರಿಸಿದ ದಾರಿ ಇಂದಿಗೂ ಬಳಕೆಯಲ್ಲಿದೆ. ಮೊದಲು ನಾಭಿಯ ಸ್ಥಾನ ಮತ್ತು ಭೂಕಂಪದ ವೇಳೆಯನ್ನು ಊಹಿಸಿಕೊಳ್ಳಬೇಕು. ಆ ಊಹೆಯಂತೆ ಒಂದೊಂದು ಕೇಂದ್ರಕ್ಕೂ ಅಲೆ ಯಾವಾಗ ತಲುಪಬೇಕಿತ್ತು ಎಂದು ಲೆಕ್ಕ ಹಾಕಿ, ನಿಜವಾಗಿ ತಲುಪಿದ ವೇಳೆಯ ಜೊತೆ ಹೋಲಿಸಬೇಕು. ವ್ಯತ್ಯಾಸಗಳ ವರ್ಗಗಳ ಮೊತ್ತ ಕಡಿಮೆಯಾಗುವಂತೆ ಊಹೆಯನ್ನು ಸರಿಸಬೇಕು. ಮತ್ತೆ ಲೆಕ್ಕ, ಮತ್ತೆ ಸರಿಸು. ಕೊನೆಗೆ ಸಿಗುವುದು ಒಂದು ಸ್ಥಾನ ಮತ್ತು ಅದರ ಸುತ್ತ ಒಂದು ದೀರ್ಘವೃತ್ತ: ಅಧಿಕೇಂದ್ರ ಬಹುಮಟ್ಟಿಗೆ ಇದರೊಳಗಿದೆ ಎಂಬ ಹೇಳಿಕೆ. ಉಳಿದ ವ್ಯತ್ಯಾಸಗಳನ್ನು ಯಾರೂ ಕೈವಾರ ತಿರುಗಿಸಿ ಮರೆಮಾಡುವುದಿಲ್ಲ. ಅವನ್ನೇ ಒಟ್ಟುಹಾಕಿ ಭೂಗರ್ಭದ ವೇಗಗಳ ಪಟ್ಟಿಯನ್ನು ತಿದ್ದುತ್ತಾರೆ.

ಮೂರು ಊರುಗಳೇ ಬೇಕು ಎಂಬ ನಿಯಮವೂ ಇಲ್ಲ. ನಮ್ಮ ಗೌರಿಬಿದನೂರಿನ ಬಳಿ 1960ರ ದಶಕದ ಮಧ್ಯಭಾಗದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ 20 ಭೂಕಂಪಮಾಪಕಗಳ ಸಾಲನ್ನು ಸ್ಥಾಪಿಸಿತು. ದೂರದೇಶಗಳ ಭೂಗತ ಪರಮಾಣು ಸ್ಫೋಟಗಳನ್ನು ಪತ್ತೆಮಾಡುವುದು ಅದರ ಉದ್ದೇಶ. ಒಂದೇ ಅಲೆ ಸಾಲಿನ ಮೇಲೆ ಹಾಯುವಾಗ ಉಪಕರಣದಿಂದ ಉಪಕರಣಕ್ಕೆ ಆಗುವ ಅಲ್ಪ ವಿಳಂಬದಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ. ಸಾಲನ್ನು ದಾಟಿದ ತೋರಿಕೆಯ ವೇಗದಿಂದ ದೂರದ ಅಂದಾಜು ಸಿಗುತ್ತದೆ. ನಾನು ನೋಡಿದ ಪಠ್ಯಗಳಲ್ಲಿ ಇದರ ಹೆಸರೇ ಇಲ್ಲ.

ಅಧಿಕೇಂದ್ರವನ್ನು ಚುಕ್ಕೆಯೆಂದು ಕಲಿತವರು ಭೂಕಂಪವನ್ನೂ ಚುಕ್ಕೆಯೆಂದೇ ತಿಳಿಯುತ್ತಾರೆ. 2001ರ ಜನವರಿ 26ರ ಭೂಕಂಪಕ್ಕೆ ಭುಜ್ ಹೆಸರು ಅಂಟಿಕೊಂಡಿತು. ಅಧಿಕೇಂದ್ರವಿದ್ದದ್ದು ಅಲ್ಲಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಭಚಾವ್‌ನ ಉತ್ತರಕ್ಕೆ. 2004ರ ಡಿಸೆಂಬರ್ 26ರ ಪ್ರಸಂಗ ಇನ್ನೂ ತೀಕ್ಷ್ಣ. ಸುಮಾತ್ರಾದ ಕರಾವಳಿಯಲ್ಲಿದ್ದ ಅಧಿಕೇಂದ್ರದಿಂದ ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ) ಸುಮಾರು ಸಾವಿರ ಕಿ.ಮೀ. ದೂರ. ಚುಕ್ಕೆಯನ್ನು ನಂಬಿದರೆ ಅಂಡಮಾನ್ ಸುರಕ್ಷಿತ. ಆದರೆ ಆ ಚುಕ್ಕೆಯಲ್ಲಿ ಶುರುವಾದ ಬಿರುಕು ಕೆಲವೇ ನಿಮಿಷಗಳಲ್ಲಿ ಉತ್ತರಕ್ಕೆ ಸಾವಿರ ಕಿ.ಮೀ.ಗೂ ಹೆಚ್ಚು ಓಡಿ ಅಂಡಮಾನ್ ದ್ವೀಪಗಳವರೆಗೂ ಬಂದಿತ್ತು. ಮೊದಲ ಪಿ ಅಲೆಗಳ ಆಗಮನ ಕಾಲ ಹೇಳುವುದು ಬಿರಿತ ಎಲ್ಲಿ ಆರಂಭವಾಯಿತು ಎಂದಷ್ಟೆ. ಎಲ್ಲಿ ನಿಂತಿತು ಎಂದು ಹೇಳಲು ಕಂಪನಲೇಖದ ಉಳಿದ ಭಾಗವನ್ನೂ ಓದಬೇಕು.

ಮೇಲಿನ ಲೆಕ್ಕವನ್ನೇ ಈಗ ನಾನು ಪ್ರಯೋಗಾಲಯದಲ್ಲಿ ನಾಲ್ಕನೆಯ ಕೇಂದ್ರ ಸೇರಿಸಿ ಕೊಡುತ್ತೇನೆ: ಈ (44, 62), ಕಾಲಾಂತರ 5.6 ಸೆಕೆಂಡು. ಮೊದಲ ಮೂರರ ಪ್ರಕಾರ ಅಲ್ಲಿ 5.1 ಸೆಕೆಂಡು ಬರಬೇಕಿತ್ತು. ಎಷ್ಟು ಜಾಗರೂಕತೆಯಿಂದ ಎಳೆದರೂ ಈ ವೃತ್ತದ ಜ್ಯಾಗಳು (20, 30)ಕ್ಕೆ ಬರುವುದಿಲ್ಲ. ಕೈವಾರ ತಿದ್ದುವವರು ಈಗಲೂ ಪ್ರತಿ ತಂಡದಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಕಳೆದ ಸಲ ಒಬ್ಬ ಹುಡುಗ ಹಾಳೆಯನ್ನು ನನ್ನ ಮುಂದಿಟ್ಟು, "ಸರ್, ಈ ಕೇಂದ್ರದ ಎಸ್ ಅಲೆಯನ್ನು ತಡವಾಗಿ ಗುರುತಿಸಿದ್ದಾರೆ ಅನ್ನಿಸುತ್ತೆ. ಕಂಪನಲೇಖ ಕೊಡ್ತೀರಾ, ನಾನೇ ಓದಿ ನೋಡ್ತೀನಿ" ಎಂದು ಕೇಳಿದ.