ಹೆಸರುಳ್ಳ ಆಲೂಗಡ್ಡೆ

ಮಾವಿನಹಣ್ಣು ಕೊಳ್ಳುವಾಗ ಅದು ಬಾದಾಮಿಯೋ ರಸಪುರಿಯೋ ಮಲ್ಲಿಕಾವೋ ಎಂದು ವಿಚಾರಿಸದೆ ಚೀಲ ಬಿಚ್ಚದ ಬೆಂಗಳೂರಿನ ಗೃಹಸ್ಥರು, ಆಲೂಗಡ್ಡೆಯ ರಾಶಿಯ ಮುಂದೆ ನಿಂತಾಗ ಮಾತ್ರ ದಪ್ಪದ್ದೋ ಸಣ್ಣದೋ ಎಂಬುದನ್ನುಳಿದು ಬೇರೇನನ್ನೂ ಕೇಳುವುದಿಲ್ಲ. ಈ ಔದಾಸೀನ್ಯಕ್ಕೆ ಆ ಗಡ್ಡೆಯು ಪಾತ್ರವಾದುದಲ್ಲವೆಂದೂ, ತಾರಸಿಯ ಮೇಲೆ ನಾಲ್ಕಾರು ಚೀಲ ಮಣ್ಣಿಡುವಷ್ಟು ಸ್ಥಳವುಳ್ಳ ಯಾವ ನಗರವಾಸಿಯೂ ಅದರ ತಳಿವೈವಿಧ್ಯವನ್ನು ಕಲೆಹಾಕಿ ಬೆಳೆಸಬಲ್ಲನೆಂದೂ ಈ ವಾರ ನಿವೇದಿಸಬಯಸುತ್ತೇನೆ.

ಆಲೂಗಡ್ಡೆಯ ತವರಾದ ಆಂಡೀಸ್ ಪರ್ವತಪ್ರಾಂತದ ರೈತರು ಇಂದಿಗೂ ಸಹಸ್ರಾರು ನಾಟಿ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ದೇಶದಲ್ಲಿ ಈ ಕಾರ್ಯವು 1949ರಲ್ಲಿ ಪಾಟ್ನಾದಲ್ಲಿ ಸ್ಥಾಪಿತವಾಗಿ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯದು. ಬಯಲಿನ ಚಳಿಗಾಲದ ಕಿರುಹಗಲಿನಲ್ಲಿ ಹೂಬಿಡಲು ಹಿಂಜರಿಯುವ ಈ ಸಸ್ಯವು ಬೆಟ್ಟದ ಬೇಸಗೆಯ ದೀರ್ಘವಾದ ಹಗಲಿನಲ್ಲಿ ಹೂವಾಗಿ ಕಾಯಿಕಚ್ಚುವುದರಿಂದ, ಸಂಕರಣದ ಕಾರ್ಯಕ್ಕೆ ಶಿಮ್ಲಾದ ಸಮೀಪದ ಕುಫ್ರಿಯು ಪ್ರಶಸ್ತವಾಯಿತು. ಆ ಊರಿನ ಹೆಸರೇ ತಳಿಗಳ ಮನೆತನದ ಹೆಸರಾಯಿತು. 1968ರಲ್ಲಿ ಬಿಡುಗಡೆಯಾದ ಬಿಳಿಯ ಕುಫ್ರಿ ಜ್ಯೋತಿ, ಬೇಗನೆ ಬಲಿಯುವ ಕುಫ್ರಿ ಚಂದ್ರಮುಖಿ, ಕೆಂಪು ಸಿಪ್ಪೆಯ ಸಿಂದೂರಿ ಮತ್ತು ಲಾಲಿಮಾ, ನೇರಳೆ ಸಿಪ್ಪೆಯೊಳಗೆ ಹಳದಿ ತಿರುಳನ್ನಿಟ್ಟುಕೊಂಡಿರುವ ನೀಲಕಂಠ: ಇವಿಷ್ಟು ಕೈಗೂಡಿದರೂ ಸಂಗ್ರಹಕ್ಕೆ ಉತ್ತಮವಾದ ಆರಂಭವೇ ಸರಿ.

ಆದರೆ ಈ ಸಂಗ್ರಹವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲು ಬಾರದು. ಆಲೂಗಡ್ಡೆಯ ತಳಿಯೆಂಬುದು ಬೀಜದಿಂದ ಮುಂದುವರಿಯುವ ವಂಶವಲ್ಲ. ಒಮ್ಮೆ ಹುಟ್ಟಿದ ಒಂದೇ ಸಸ್ಯವು ಗಡ್ಡೆಯಿಂದ ಗಡ್ಡೆಗೆ ದಾಟುತ್ತ ಬದುಕಿರುವುದು. ಹಾಸನದ ಹೊಲಗಳಲ್ಲಿ ಪಂಜಾಬಿನ ಬಿತ್ತನೆ ಗಡ್ಡೆಯಿಂದ ಬೆಳೆಯುವ ಜ್ಯೋತಿಯ ಗಿಡಗಳೆಲ್ಲವೂ ಆ ಮೊದಲಿನ ಒಂದೇ ಗಿಡದ ಅಂಗಗಳು. ಅಂಗಮಾರಿ ರೋಗವನ್ನು ತಡೆಯಬಲ್ಲದೆಂದು ಖ್ಯಾತಿವೆತ್ತಿದ್ದ ಈ ತಳಿಯ ಶಕ್ತಿಯನ್ನು ರೋಗಾಣುವು ಕಾಲಕ್ರಮದಲ್ಲಿ ಮೀರಿದಾಗ, ಎಲ್ಲ ಗಿಡವೂ ಒಂದೇ ಆದಕಾರಣ ಹೊಲಕ್ಕೆ ಹೊಲವೇ ಕರಗಿದುದನ್ನು ಹಾಸನದ ರೈತರು ಕಂಡುಂಡಿದ್ದಾರೆ. ಬಹುತಳಿಗಳು ಉಳಿದಿರಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಉಳಿಸುವುದೆಂದರೆ ಮತ್ತೆ ಮತ್ತೆ ನೆಡುವುದು ಎಂಬುದೂ ಇದರಿಂದಲೇ ಸಿದ್ಧಿಸುತ್ತದೆ.

ಇದರ ರಸಾಸ್ವಾದವು ಅಡುಗೆಮನೆಗಿಂತ ಬಹು ಮೊದಲೇ, ಮೊಳಕೆಯಲ್ಲಿಯೇ ಆರಂಭವಾಗುವುದು. ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕುಳ್ಳ ಕಿಟಕಿಯ ಬಳಿ ಗಡ್ಡೆಗಳನ್ನು ಕಣ್ಣು ಮೇಲಾಗಿ ಜೋಡಿಸಿಟ್ಟರೆ, ಕತ್ತಲೆಯಲ್ಲಿ ಬಿಳಿಚಿ ನೀಳವಾಗುವ ಮೊಳಕೆಯು ಇಲ್ಲಿ ಗಿಡ್ಡವಾಗಿ, ಬಣ್ಣ ತುಂಬಿ ನಿಲ್ಲುವುದು. ಅದರ ಬುಡದ ಬಣ್ಣ ಹಸುರೋ ಕೆಂಪೋ ನೇರಳೆಯೋ, ಆಕಾರ ಗೋಲವೋ ಶಂಕುವೋ, ಮೈಮೇಲಿನ ನವಿರು ವಿರಳವೋ ದಟ್ಟವೋ ಎಂಬುದನ್ನು ನೋಡಿಯೇ ತಜ್ಞರು ತಳಿಯನ್ನು ಗುರುತಿಸುವುದುಂಟು. ಸಿಪ್ಪೆಯಲ್ಲಿ ಒಂದೇ ತೆರನಾಗಿ ತೋರುವ ಎರಡು ಬಿಳಿಯ ಗಡ್ಡೆಗಳು ಮೊಳಕೆಯಲ್ಲಿ ತಮ್ಮ ಭೇದವನ್ನು ಪ್ರಕಟಿಸಿದಾಗ ಆಗುವ ಸಂತೋಷವನ್ನು ಅನುಭವಿಸಿಯೇ ತಿಳಿಯಬೇಕು.

ಕೃಷಿಯ ಕ್ರಮ ಕಠಿಣವಲ್ಲ. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿರುವಾಗ ಗಡ್ಡೆಯು ಚೆನ್ನಾಗಿ ಕಟ್ಟುವುದರಿಂದ ಬೆಂಗಳೂರಿನ ಕಾರ್ತಿಕ ಮಾರ್ಗಶಿರಗಳು ಇದಕ್ಕೆ ಶ್ರೇಷ್ಠವಾದ ಕಾಲ. ಚೀಲದ ಮೂರನೆಯ ಒಂದು ಭಾಗಕ್ಕೆ ಗೊಬ್ಬರ ಬೆರೆತ ಸಡಿಲ ಮಣ್ಣು ತುಂಬಿ ನೆಟ್ಟು, ಗಿಡವು ಗೇಣುದ್ದ ಎದ್ದಂತೆಲ್ಲ ಬುಡಕ್ಕೆ ಮಣ್ಣು ಏರಿಸುತ್ತ ಹೋಗಬೇಕು. ಗಡ್ಡೆಯು ಬೇರಲ್ಲ, ನೆಲದೊಳಗಿನ ಕಾಂಡವಾದುದರಿಂದ ಬೆಳಕು ತಾಗಿದರೆ ಹಸುರಾಗಿ ವಿಷಯುಕ್ತವಾಗುವುದು. ನೀರು ನಿಲ್ಲಬಾರದು. ಎಲೆ ಮುರುಟಿ ಚುಕ್ಕೆಗಟ್ಟಿದ ಗಿಡವು ಗಿಡಹೇನಿನ ಮೂಲಕ ಬಂದ ನಂಜನ್ನು ಧರಿಸಿರುವ ಸಂಭವವುಂಟಾದ್ದರಿಂದ, ಎಷ್ಟೇ ಅಪರೂಪದ್ದಾದರೂ ಅದನ್ನು ಕಿತ್ತುಹಾಕಬೇಕು; ಗಡ್ಡೆಯೊಡನೆ ರೋಗವೂ ಮುಂದಿನ ತಲೆಮಾರಿಗೆ ಸಾಗುತ್ತದೆ.

ಮಾಘ ಫಾಲ್ಗುಣಗಳಲ್ಲಿ ಅಗೆದ ಗಡ್ಡೆಯು ಎರಡು ಮೂರು ತಿಂಗಳ ಸುಪ್ತಾವಸ್ಥೆಯನ್ನು ಕಳೆದು ಬೇಸಗೆಯಲ್ಲಿ ಕಣ್ಣು ತೆರೆಯುತ್ತದೆ. ಶೀತಲಗೃಹವಿಲ್ಲದ ನಾವು ಹಾಸನದ ರೈತರ ಪದ್ಧತಿಯಂತೆ ಮುಂಗಾರಿನಲ್ಲಿ ಅದನ್ನು ಇನ್ನೊಮ್ಮೆ ನೆಟ್ಟು, ಮಳೆಗಾಲದ ಆ ಬೆಳೆಯ ಗಡ್ಡೆಯನ್ನು ಮತ್ತೆ ಕಾರ್ತಿಕಕ್ಕೆ ಇಟ್ಟುಕೊಂಡರೆ ಸಂಗ್ರಹದ ಸರಪಳಿ ಕಡಿಯುವುದಿಲ್ಲ.

ಅಡುಗೆಯ ಮಾತನ್ನು ಸಂಕ್ಷೇಪವಾಗಿ ಹೇಳುವುದಾದರೆ, ಬೆಂದಾಗ ಹುಡಿಯಾಗಿ ಒಡೆಯುವ ಗಡ್ಡೆಯು ಮಸಾಲೆದೋಸೆಯ ಪಲ್ಯಕ್ಕೆ, ಹೋಳು ಕದಡದೆ ನಿಲ್ಲುವ ಗಡ್ಡೆಯು ಸಾಗುವಿಗೆ ಒಪ್ಪುವುದು. ಈ ವಿವೇಚನೆಯು ತಳಿಯನ್ನು ಬಲ್ಲವರಿಗೆ ಮಾತ್ರ ಲಭ್ಯ.

ಕೊನೆಯದಾಗಿ ಒಂದು ಪ್ರಾರ್ಥನೆ. ಒಂದೇ ತಾರಸಿಯಲ್ಲಿರುವ ತಳಿಯು ಒಂದು ಮಳೆಗೆ, ಒಂದು ರೋಗಕ್ಕೆ ನಾಶವಾದೀತು. ಆದುದರಿಂದ ಪ್ರತಿ ಬೆಳೆಯಲ್ಲಿಯೂ ನಾಲ್ಕು ಆರೋಗ್ಯವಂತ ಗಡ್ಡೆಗಳನ್ನು ತೆಗೆದಿರಿಸಿ ದೂರದ ಬಡಾವಣೆಯ ಸ್ನೇಹಿತರೊಬ್ಬರಿಗೆ ಕೊಡಿರಿ, ಕೊಡುವಾಗ ಹೆಸರಿನ ಚೀಟಿಯನ್ನು ಮರೆಯದಿರಿ. ಹೆಸರಿಲ್ಲದೆ ಕೊಟ್ಟ ಗಡ್ಡೆಯು ಸಾರಿಗೆ ಸಲ್ಲುವುದೇ ಹೊರತು ಸಂಗ್ರಹಕ್ಕೆ ಸಲ್ಲದು.