ಬೇಹುಗಾರನ ಮೈ, ಬೇಹುಗಾರನ ಹೆಸರು

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಜೇಮ್ಸ್ ಬಾಂಡ್‌ಗೆ ಏನು ಕೆಲಸ ಅಂತ ಕೆಲವು ಗೆಳೆಯರು ಮೂಗು ಮುರಿಯಬಹುದು. ಆತ್ಮಕಥೆ, ಕತೆ, ಕವಿತೆ ಇಷ್ಟರ ಬಗ್ಗೆ ಮಾತ್ರ ನಮಗೆ ಮಾತಾಡುವ ಹಕ್ಕು, ಉಳಿದದ್ದೆಲ್ಲ ಅವರ ಜಹಗೀರು ಎಂದು ನಾವೇ ಬೇಲಿ ಹಾಕಿಕೊಂಡು ಕೂತರೆ, ಊರಾಚೆಯ ಕೇರಿಯನ್ನು ವಿಮರ್ಶೆಯಲ್ಲೂ ಕಟ್ಟಿಕೊಂಡಂತೆ. ನಮ್ಮ ಹಾಸ್ಟೆಲುಗಳ ಹುಡುಗರು ಈ ಸಿನಿಮಾಗಳನ್ನು ನೋಡುತ್ತಲೇ ಬಂದಿದ್ದಾರೆ. ಅವರು ಏನನ್ನು ನಂಬಿದರು, ಎಲ್ಲಿ ನಕ್ಕರು ಎಂಬುದು ನಮ್ಮ ವಿಷಯವೇ.

2006ರಲ್ಲಿ 'ಕ್ಯಾಸಿನೊ ರಾಯಲ್' ಬಂದಾಗಿನಿಂದ ಒಂದು ತೀರ್ಪು ಚಾಲ್ತಿಯಲ್ಲಿದೆ. ಶಾನ್ ಕಾನರಿ, ರೋಜರ್ ಮೂರ್ ಕಾಲದ ಬಾಂಡ್ ಸುಳ್ಳು. ಅವನಿಗೆ ಗುಂಡು ತಾಗುವುದಿಲ್ಲ, ಕೋಟಿನ ಇಸ್ತ್ರಿ ಕೆಡುವುದಿಲ್ಲ. ಡೇನಿಯಲ್ ಕ್ರೇಗ್‌ನ ಬಾಂಡ್ ನಿಜ. ಅವನಿಗೆ ರಕ್ತ ಬರುತ್ತದೆ, ಪ್ರೀತಿಸಿದವಳು ಸತ್ತರೆ ಮುರಿದುಹೋಗುತ್ತಾನೆ. ಗಾಯವಾದವನು ಮನುಷ್ಯ, ಆಗದವನು ಬೊಂಬೆ ಎಂಬ ಸಿದ್ಧಾಂತ ಈ ತೀರ್ಪಿನ ಹಿಂದಿದೆ. ನಾನಿದನ್ನು ಒಪ್ಪುವುದಿಲ್ಲ. ಗಾಯ ಕಂಡಾಕ್ಷಣ ಸತ್ಯ ಸಿಕ್ಕಿತು ಅನ್ನುವುದು ಗಾಯವನ್ನು ಅಪರೂಪಕ್ಕೆ ನೋಡುವವರ ವಿಮರ್ಶೆ.

ಆ ಸಿನಿಮಾದ ಮೆಟ್ಟಿಲ ಮೇಲಿನ ಹೊಡೆದಾಟವನ್ನೇ ತೆಗೆದುಕೊಳ್ಳಿ. ಇಸ್ಪೀಟಾಟದ ಬಿಡುವಿನಲ್ಲಿ ಒಬಾನ್ನೊ ಎಂಬ ಆಫ್ರಿಕಾದ ಬಂಡುಕೋರ ನಾಯಕ ಮಚ್ಚು ಹಿಡಿದು ಮೇಲೆ ಬೀಳುತ್ತಾನೆ. ಬಾಂಡ್ ಅವನ ಕತ್ತು ಹಿಸುಕಿ ಕೊಲ್ಲುತ್ತಾನೆ. ಹೆಣ ಸಾಗಿಸುವ ಕೆಲಸವನ್ನು ಮ್ಯಾಥಿಸ್ ಎಂಬ ಸಹಾಯಕನಿಗೆ ಹೇಳಿಕಳಿಸಿ, ಕೋಣೆಗೆ ಹೋಗಿ ರಕ್ತ ತೊಳೆದುಕೊಂಡು, ವಿಸ್ಕಿ ಕುಡಿದು, ಬೇರೆ ಅಂಗಿ ತೊಟ್ಟು ಮತ್ತೆ ಆಟಕ್ಕೆ ಬಂದು ಕೂರುತ್ತಾನೆ. ಕನ್ನಡಿಯ ಮುಂದೆ ನಿಂತ ಆ ಮುಖದಲ್ಲಿ ದಣಿವಿದೆ, ಒಂದಿಷ್ಟು ಹೇಸಿಗೆಯೂ ಇದೆ. ಕ್ರೇಗ್ ಒಳ್ಳೆಯ ನಟ. ಆದರೆ ಆ ಮೆಟ್ಟಿಲು ತೊಳೆದವರು ಯಾರು? ಆ ಅಂಗಿ ಒಗೆದವರು ಯಾರು? ಹೆಣ ಎತ್ತುವುದು, ರಕ್ತ ಬಳಿಯುವುದು ಈ ನೆಲದಲ್ಲಿ ಯಾರ ಪಾಲಿಗೆ ಬಂದ ಕೆಲಸ ಅಂತ ಬಲ್ಲವರಿಗೆ ಈ ಪ್ರಶ್ನೆ ಕುಹಕ ಅನ್ನಿಸಲಾರದು. ನಾಯಕನ ಗಾಯಕ್ಕೆ ಕ್ಯಾಮೆರಾ ಇದೆ, ಹಿನ್ನೆಲೆ ಸಂಗೀತವಿದೆ, ಆರೈಕೆಯಿದೆ. ಅದೇ ಸಿನಿಮಾದಲ್ಲಿ ಅವನನ್ನು ಬೆತ್ತಲೆ ಮಾಡಿ, ತಳವಿಲ್ಲದ ಕುರ್ಚಿಗೆ ಕಟ್ಟಿ, ಗಂಟು ಹಾಕಿದ ಹಗ್ಗದಿಂದ ಹೊಡೆಯುತ್ತಾರೆ. ನೋಡುವಾಗ ಹೊಟ್ಟೆ ಕಿವುಚುತ್ತದೆ, ಸುಳ್ಳು ಹೇಳಲಾರೆ. ಮುಂದೆ ಆತ ಚೇತರಿಸಿಕೊಳ್ಳುವುದು ಸರೋವರದ ದಂಡೆಯ ಒಂದು ಬಂಗಲೆಯ ತೋಟದಲ್ಲಿ. ಇಟಲಿಯ ಕೋಮೋ ಸರೋವರದ ಬಳಿ ಚಿತ್ರೀಕರಿಸಿದ್ದು. ನೋವಿಗೆ ರಜೆ ಸಿಗುವ ಮೈ ಅದು.

2012ರ 'ಸ್ಕೈಫಾಲ್' ಇನ್ನೂ ಸ್ವಾರಸ್ಯವಾಗಿದೆ. ಗುಂಡೇಟು ತಿಂದು ವಾಪಸು ಬಂದ ಬಾಂಡ್‌ಗೆ ಪರೀಕ್ಷೆ ಇಡುತ್ತಾರೆ. ದೇಹದಾರ್ಢ್ಯದಲ್ಲಿ ಫೇಲು, ಮನೋಪರೀಕ್ಷೆಯಲ್ಲಿ ಫೇಲು, ಗುರಿ ತಪ್ಪುತ್ತದೆ, ಕೈ ನಡುಗುತ್ತದೆ. ಮೇಲಧಿಕಾರಿ ಎಮ್ ಆ ಅಂಕಗಳನ್ನು ಮುಚ್ಚಿಟ್ಟು, ಪಾಸಾಗಿದ್ದೀಯ ಎಂದು ಸುಳ್ಳು ಹೇಳಿ ಅವನನ್ನು ಕೆಲಸಕ್ಕೆ ಕಳಿಸುತ್ತಾಳೆ. ಇದರಲ್ಲಿ ಪ್ರೇಕ್ಷಕರು ಕಂಡದ್ದು ತಾಯಿಯಂಥವಳ ನಂಬಿಕೆಯನ್ನು. ಮೆರಿಟ್ ಎಲ್ಲಿ ಹೋಯಿತು ಅಂತ ಒಬ್ಬರೂ ಕೇಳಿದ್ದನ್ನು ನಾನು ಓದಿಲ್ಲ! ನಮ್ಮ ಹುಡುಗ ಎರಡು ಅಂಕ ಕಡಿಮೆ ತೆಗೆದು ಇಂಜಿನಿಯರಿಂಗಿಗೆ ಸೇರಿದರೆ ಸೇತುವೆ ಕುಸಿಯುತ್ತೆ ಅನ್ನುವ ಜನವೇ ಈ ಸಿನಿಮಾಕ್ಕೆ ಚಪ್ಪಾಳೆ ತಟ್ಟಿದ್ದು.

ಯಾವ ಪರೀಕ್ಷೆಯೂ ಇಲ್ಲದೆ ಅಜೇಯ ಎಂದು ಊರೇ ನಂಬಿಕೊಂಡಿರುವ ಮೈ ಬೇರೊಂದಿದೆ. ಅದು ಮ್ಯಾನ್‌ಹೋಲಿಗೆ ಇಳಿಯುವವನ ಮೈ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆಮೇಲೂ ಇಳಿಸಿದ್ದಾರೆ, ಸತ್ತಿದ್ದಾರೆ. ಮುಖವಾಡವಿಲ್ಲ, ಆಮ್ಲಜನಕವಿಲ್ಲ, ಸೊಂಟಕ್ಕೊಂದು ಹಗ್ಗ. 'ಅವರಿಗೆ ಅಭ್ಯಾಸ ಇರುತ್ತೆ ಬಿಡ್ರಿ' ಅನ್ನುತ್ತಾರೆ. ಸಿನಿಮಾದಲ್ಲಿ ಬಾಂಡ್ ವಿಷ ಕುಡಿದೂ ಬದುಕಿದರೆ ಅತಿಯಾಯಿತು ಅನ್ನುವವರು, ವಿಷಗಾಳಿಯಲ್ಲಿ ಒಬ್ಬ ಮನುಷ್ಯ ಬದುಕಿ ಬರುತ್ತಾನೆ ಎಂದು ಮಾತ್ರ ಸಲೀಸಾಗಿ ನಂಬುತ್ತಾರೆ. ನಂಬಿಕೆ ಅನ್ನುವುದು ಬರೀ ಕಲೆಯ ಪ್ರಶ್ನೆಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಈಗ ಹಳೆಯ, ಗಾಯವಾಗದ ಬಾಂಡ್‌ಗೆ ಬರೋಣ. ಅವನ ಮೈಗೆ ತಾಗದ ಪೆಟ್ಟು ಗಾಳಿಯಲ್ಲೇನೂ ಕರಗಿಲ್ಲ, ಇನ್ನೊಬ್ಬರ ಮೈ ಸೇರಿದೆ. ಮೊದಲ ಸಿನಿಮಾ 1962ರ 'ಡಾ. ನೋ'. ಜಮೈಕಾದಲ್ಲಿ ಬಾಂಡ್‌ನನ್ನು ದೋಣಿಯಲ್ಲಿ ದ್ವೀಪಕ್ಕೆ ಕರೆದೊಯ್ಯುವವನು ಕ್ವಾರಲ್ ಎಂಬ ಕಪ್ಪು ಮನುಷ್ಯ. ಅಲ್ಲೊಂದು ಬೆಂಕಿಯುಗುಳುವ ಪ್ರಾಣಿಯಿದೆ ಅಂತ ಅವನಿಗೆ ಭಯ. ಬಿಳಿಯರು ಅದನ್ನು ಮೂಢನಂಬಿಕೆ ಅಂದುಕೊಂಡು ಲಘುವಾಗಿ ನೋಡುತ್ತಾರೆ. ಅಲ್ಲಿಗೆ ಹೋದರೆ ನಿಜಕ್ಕೂ ಬೆಂಕಿಯುಗುಳುವ ಒಂದು ವಾಹನವಿದೆ. ಕ್ವಾರಲ್ ಅದಕ್ಕೇ ಸಿಕ್ಕಿ ಸುಟ್ಟು ಸಾಯುತ್ತಾನೆ. ಅವನ ಭಯವೇ ಸರಿಯಾದ ತಿಳಿವಳಿಕೆಯಾಗಿತ್ತು. ಅದಕ್ಕೂ ಮುಂಚೆ, ಓಡಬೇಕಾಗಿ ಬಂದ ಹೊತ್ತಿನಲ್ಲಿ, ಬಾಂಡ್ ಅವನಿಗೆ ತನ್ನ ಪಾದರಕ್ಷೆ ತಂದುಕೊಡಲು ಹೇಳುತ್ತಾನೆ. ಅವನು ತಂದುಕೊಡುತ್ತಾನೆ. ಪ್ರಾಣ ಕೊಡುವ ಗೆಳೆಯನಿಗೂ ಚಪ್ಪಲಿ ಎತ್ತುವ ಕೆಲಸ ತಪ್ಪಲಿಲ್ಲ. ಆ ದೃಶ್ಯವನ್ನು ನಮ್ಮವರು ಯಾರೂ ಮರೆಯಲಾರರು.

1983ರ 'ಆಕ್ಟೋಪಸಿ' ಉದಯಪುರಕ್ಕೇ ಬಂತು. ಆಟೋರಿಕ್ಷಾದಲ್ಲಿ ಬೆನ್ನಟ್ಟುವ ದೃಶ್ಯ. ಬೀದಿಯಲ್ಲಿ ಹೊಟ್ಟೆಪಾಡಿಗೆ ಮೈಯನ್ನೇ ಒಡ್ಡಿಕೊಂಡ ಜನ: ಒಬ್ಬ ಮೊಳೆಗಳ ಹಾಸಿಗೆಯವನು, ಒಬ್ಬ ಕತ್ತಿ ನುಂಗುವವನು. ಮೊಳೆಯ ಹಾಸಿಗೆ ಎದುರಾಳಿಯನ್ನು ಕೆಡವಲು ಬಳಕೆಯಾಗುತ್ತದೆ, ಕತ್ತಿಯನ್ನು ನುಂಗಿದವನ ಬಾಯಿಂದಲೇ ಎಳೆದುಕೊಳ್ಳುತ್ತಾರೆ. ನಗು ಬರಲಿ ಅಂತ. ಬಾಂಡ್‌ನ ಎದೆಗೆ ಚುಚ್ಚಿದ ಚಾಕು ಒಳಗಿದ್ದ ನೋಟಿನ ಕಟ್ಟಿಗೆ ತಾಗಿ ನಿಲ್ಲುತ್ತದೆ; ಜೂಜಿನಲ್ಲಿ ಗೆದ್ದ ಹಣ ಅದು. ಅಜೇಯತೆಯ ಗುಟ್ಟನ್ನು ಇಷ್ಟು ಪ್ರಾಮಾಣಿಕವಾಗಿ ಬಿಟ್ಟುಕೊಟ್ಟ ಸಿನಿಮಾ ಇನ್ನೊಂದಿಲ್ಲ. ಅವನ ಜತೆಗಿದ್ದ ಇಲ್ಲಿನ ಸಹಾಯಕ ವಿಜಯ್ (ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಮಾಡಿದ ಪಾತ್ರ) ಮುಂದೆ ಕೊಲೆಯಾಗುತ್ತಾನೆ. ಅವನ ಎದೆಯಲ್ಲಿ ನೋಟಿನ ಕಟ್ಟಿರಲಿಲ್ಲ.

ಹಾಗಾದರೆ ಬೇಹುಗಾರ ನಿಜವಾಗಿ ಎಲ್ಲಿ ದುರ್ಬಲ? ಗುಂಡು, ಚಾಕು ಸೈನಿಕನಿಗೂ ಇವೆ. ಬೇಹುಗಾರನಿಗೆ ಮಾತ್ರ ಇರುವ ಭಯ ಗುರುತು ಸಿಕ್ಕಿಬಿಡುವುದು. ಹೆಸರು ಬಯಲಾದರೆ ಮುಗಿಯಿತು. ಈ ಒಂದು ಅಳತೆಯಲ್ಲಿ ಹಳೆಯ ಬಾಂಡೂ ಹೊಸ ಬಾಂಡೂ ಒಂದೇ: ಇಬ್ಬರಿಗೂ ಹೆಸರಿನ ಭಯವಿಲ್ಲ. ಮನೆತನದ ಹೆಸರು ಮೊದಲು, ಆಮೇಲೆ ಪೂರ್ತಿ ಹೆಸರು, ಶತ್ರುವಿನ ಮುಂದೆಯೇ ಗತ್ತಿನಿಂದ ಹೇಳಿಕೊಳ್ಳುತ್ತಾನೆ. 'ಕ್ಯಾಸಿನೊ ರಾಯಲ್'ನಲ್ಲಿ ಸರ್ಕಾರ ಅವನಿಗೊಂದು ಸುಳ್ಳು ಹೆಸರು ಕೊಟ್ಟು ಕಳಿಸಿದರೆ, ಹೋಟೆಲಿನ ಮೇಜಿನ ಮುಂದೆ ನಿಂತು ತನ್ನ ನಿಜ ಹೆಸರನ್ನೇ ಹೇಳಿ ಬೀಗದಕೈ ತೆಗೆದುಕೊಳ್ಳುತ್ತಾನೆ.

ನನಗೆ ಕೆಲಸ ಸಿಕ್ಕ ಹೊಸತರಲ್ಲಿ ಒಂದು ತಾಲ್ಲೂಕು ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಮನೆಯ ಯಜಮಾನರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. 'ಯಾವೂರು ತಮ್ದು? ತಂದೆಯವರ ಹೆಸ್ರು? ಮನೇಲಿ ಮಾಂಸ ಗೀಂಸ ಮಾಡ್ತೀರಾ? ತಪ್ಪು ತಿಳ್ಕೋಬೇಡಿ... ತಾವು ಯಾವ ಪೈಕಿ?' ಯಾವ ಬೇಹುಗಾರಿಕೆ ಸಿನಿಮಾದ ವಿಚಾರಣೆಯಲ್ಲೂ ನಾನು ಇಷ್ಟು ನಯವಾದ ಕ್ರಮ ನೋಡಿಲ್ಲ.

1917ರಲ್ಲಿ ಬಾಬಾಸಾಹೇಬರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಹಿಂದೂ ಹೋಟೆಲು ಸೇರಿಸುವುದಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ದೀಪವಿಲ್ಲದ, ಬಾವಲಿಗಳಿದ್ದ ಮಹಡಿ. ಹನ್ನೊಂದನೆಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಕೋಲು ಹಿಡಿದ ಹನ್ನೆರಡು ಜನ ಪಾರ್ಸಿಗಳು. ಯಾರು ನೀನು ಅನ್ನುವ ಪ್ರಶ್ನೆ. ಆ ದಿನ ಅವರು ಸಾರ್ವಜನಿಕ ಉದ್ಯಾನವೊಂದರಲ್ಲಿ ಕೂತು ಕಾಲ ಕಳೆದು, ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು. 1990ರಲ್ಲಿ ಪುಸ್ತಕವಾಗಿ ಬಂದ ಅವರ ನೆನಪಿನ ಬರಹದಲ್ಲಿ ಇದಿದೆ. ಒಂದು ಏಟೂ ಬೀಳಲಿಲ್ಲ, ಒಂದು ಹನಿ ರಕ್ತವೂ ಇಲ್ಲ. ಆದರೂ ಆ ಹೆಜ್ಜೆ ಸಪ್ಪಳ ಓದುವಾಗ ಕಿವಿಗೆ ಕೇಳುತ್ತದೆ. ಮರಾಠಿಯ ಬಾಬುರಾವ್ ಬಾಗುಲ್ 1963ರಷ್ಟು ಹಿಂದೆಯೇ ಜಾತಿ ಬಚ್ಚಿಟ್ಟುಕೊಂಡ ರೈಲ್ವೆ ನೌಕರನ ಕತೆ ಬರೆದರು. ನಮ್ಮ ಬೇಹುಗಾರ ಸಾಹಿತ್ಯ ಇದು. ಇಲ್ಲಿ ಹೆಸರಿಗೆ ಬೆಲೆ ತೆರಬೇಕು, ಅದಕ್ಕೇ ನಂಬುತ್ತೇವೆ.

ಇಷ್ಟು ಹೇಳಿದ ಮೇಲೆ, ಸೋಲಿಲ್ಲದ ನಾಯಕನನ್ನು ಬಿಸಾಕಿಬಿಡಿ ಅಂತ ನಾನು ಹೇಳುತ್ತಿಲ್ಲ. ಕನ್ನಡದ ಉದಾಹರಣೆಯನ್ನೇ ನೋಡಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಕಾಡಿನ ಬೇಡ. ಅವನ ಭಕ್ತಿ ನಿಜ ಅಂತ ರುಜುವಾಗಬೇಕಾದರೆ ಕಣ್ಣು ಕಿತ್ತುಕೊಡಬೇಕು. ಏಕಲವ್ಯನಾದರೆ ಹೆಬ್ಬೆರಳು. ಕೆಳಗಿನವನು ದೊಡ್ಡವನಾಗುವುದಕ್ಕೆ ಈ ಸಂಸ್ಕೃತಿ ಇಟ್ಟ ಒಂದೇ ಬಾಗಿಲು ಅಂಗಚ್ಛೇದ. ಹದಿನಾಲ್ಕು ವರ್ಷದ ನಂತರ, 1968ರ 'ಜೇಡರ ಬಲೆ'ಯಲ್ಲಿ ಅದೇ ನಟ ಸಿ.ಐ.ಡಿ. 999 ಆಗಿ ಸೂಟು ಬೂಟು ತೊಟ್ಟು ಬಂದರು. ದೊರೆ-ಭಗವಾನ್ ಜೋಡಿ ಈ ಸರಣಿಯಲ್ಲಿ ನಾಲ್ಕು ಚಿತ್ರ ಮಾಡಿತು. ಬಾಂಡ್‌ನ ನಕಲು ಎಂದು ಪಂಡಿತರು ತಳ್ಳಿಹಾಕಬಹುದು, ನಕಲೇ ಹೌದು. ಆದರೆ ಗಾಂಧಿ ಕ್ಲಾಸಿನಲ್ಲಿ ನೆಲದ ಮೇಲೆ ಕೂತವರು ಕಂಡದ್ದು ಕಣ್ಣು ಕೀಳಿಸಿಕೊಳ್ಳದೆ ಗೆದ್ದು ಬಂದ ಒಬ್ಬ ಮನುಷ್ಯನನ್ನು. ಗುಂಡು ತಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಮೈಮೇಲೆ ಬಾಸುಂಡೆ ಇದ್ದವರಿಗೆ ಬಾಸುಂಡೆಯ ವಾಸ್ತವವಾದ ಬೇಕಿರಲಿಲ್ಲ. ಕೇರಿಯ ಬಾಯಲ್ಲಿ ನಿಂತ ನೀಲಿ ಸೂಟಿನ ಪ್ರತಿಮೆಯನ್ನೂ ನೋಡಿ. ಬರೋಡಾದ ಆ ಸಂಜೆ ಅದರ ಮುಖದಲ್ಲಿಲ್ಲ. ಮಾಡಿಸಿದವರಿಗೆ ಆ ಸಂಜೆ ಗೊತ್ತಿತ್ತು, ಗೊತ್ತಿದ್ದೇ ಹಾಗೆ ಮಾಡಿಸಿದರು.

2021ರ 'ನೋ ಟೈಮ್ ಟು ಡೈ'ನಲ್ಲಿ ಕೊನೆಗೂ ಬಾಂಡ್ ಸಾಯುತ್ತಾನೆ. ಅದಕ್ಕೂ ಮುಂಚೆ 007 ಎಂಬ ಸಂಖ್ಯೆ ನೋಮಿ ಎಂಬ ಕಪ್ಪು ಹೆಣ್ಣಿಗೆ ಸಿಕ್ಕಿರುತ್ತದೆ. ಕಡೆಯ ಕಾಳಗಕ್ಕೆ ಹೊರಡುವ ಮುನ್ನ ಅವಳೇ ಅದನ್ನು ಅವನಿಗೆ ಹಿಂದಿರುಗಿಸುವಂತೆ ಕೇಳಿಕೊಳ್ಳುತ್ತಾಳೆ. ಅವನು ಕ್ಷಿಪಣಿಗಳಿಗೆ ಎದೆಕೊಟ್ಟು ನಿಂತಾಗ ಪ್ರೇಕ್ಷಕರು ಅತ್ತರು ಅಂತ ಕೇಳಿದ್ದೇನೆ. ಅಕ್ಷರಗಳು ಮುಗಿದ ಮೇಲೆ ಎಂದಿನಂತೆ ಪರದೆಯ ಮೇಲೆ ಘೋಷಣೆ: ಜೇಮ್ಸ್ ಬಾಂಡ್ ಮರಳಿ ಬರುತ್ತಾನೆ. 'ಡಾ. ನೋ'ದಲ್ಲಿ ಸುಟ್ಟುಹೋದ ಕ್ವಾರಲ್‌ಗೆ ಅಂಥ ಘೋಷಣೆ ಯಾರೂ ಬರೆಯಲಿಲ್ಲ. 1973ರ 'ಲಿವ್ ಅಂಡ್ ಲೆಟ್ ಡೈ'ನಲ್ಲಿ ಕ್ವಾರಲ್ ಜೂನಿಯರ್ ಅಂತ ಒಬ್ಬ ಬಂದ. ಅವನದೂ ಅದೇ ಕೆಲಸ, ದೋಣಿ ನಡೆಸುವುದು.